ಮಂಚಕ್ಕೆ ಕಾಲು ಬೆಳೆದ ರಾತ್ರಿ

ಮಕ್ಕಳೇ, ರಾತ್ರಿ ಮಲಗಿದ್ದಾಗ ನಿಮ್ಮ ಮಂಚದ ಕಾಲುಗಳು ತೆಂಗಿನ ಮರದಷ್ಟು ಉದ್ದ ಬೆಳೆದು, ನಿಮ್ಮನ್ನು ಹೊತ್ತುಕೊಂಡು ಊರೆಲ್ಲ ಸುತ್ತತೊಡಗಿದರೆ ಏನು ಮಾಡುತ್ತೀರಿ?

ಅಮೆರಿಕದ ನೀಮೋ ಎಂಬ ಪುಟ್ಟ ಹುಡುಗನಿಗೆ ಹಾಗೇ ಆಯಿತು. ಅವನ ಮಂಚ ಮಹಡಿ ಮನೆಗಳನ್ನು ದಾಟಿ ನಡೆಯಿತು. ಕೊನೆಗೆ ಚರ್ಚಿನ ಗೋಪುರಕ್ಕೆ ಎಡವಿತು. ನೀಮೋ ದೊಪ್ಪನೆ ಬಿದ್ದ. ಕಣ್ಣು ಬಿಟ್ಟರೆ ತನ್ನ ಕೋಣೆಯ ನೆಲದ ಮೇಲಿದ್ದಾನೆ! ಈ ಚಿತ್ರಕಥೆ ಅಚ್ಚಾದದ್ದು 1908ರ ಜುಲೈ 26ರ ಭಾನುವಾರ.

ಇದನ್ನು ಬರೆದವರು ವಿನ್ಸರ್ ಮೆಕೇ. 1905ರ ಅಕ್ಟೋಬರ್ 15ರಿಂದ ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯಲ್ಲಿ ಪ್ರತಿ ಭಾನುವಾರ ಇಡೀ ಪುಟದ ತುಂಬ ಬಣ್ಣಬಣ್ಣವಾಗಿ ‘ಲಿಟಲ್ ನೀಮೋ ಇನ್ ಸ್ಲಂಬರ್‌ಲ್ಯಾಂಡ್’ ಬರುತ್ತಿತ್ತು. ಸ್ಲಂಬರ್‌ಲ್ಯಾಂಡ್ ಎಂದರೆ ನಿದ್ದೆಯ ನಾಡು. ಅಲ್ಲಿನ ರಾಜ ಮಾರ್ಫಿಯಸ್. ಅವನ ಮಗಳಿಗೆ ಆಟಕ್ಕೊಬ್ಬ ಜೊತೆಗಾರ ಬೇಕು. ಅದಕ್ಕಾಗಿ ನೀಮೋನನ್ನು ಕರೆತರಲು ದೂತರು ಬರುತ್ತಾರೆ.

ನೀಮೋ ವೀರನೂ ಅಲ್ಲ, ರಾಜಕುಮಾರನೂ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ಅವನ ಹೆಸರಿಗೆ ‘ಯಾರೂ ಅಲ್ಲ’ ಎಂದೇ ಅರ್ಥ. ಮೆಕೇ ತಮ್ಮ ಮಗ ರಾಬರ್ಟನನ್ನೇ ಮಾದರಿಯಾಗಿಟ್ಟುಕೊಂಡು ಅವನನ್ನು ಬರೆದರು. ದಾರಿಯಲ್ಲಿ ಅವನು ಹೆದರುತ್ತಾನೆ, ಜಾರುತ್ತಾನೆ, ಅಮ್ಮನನ್ನು ಕೂಗುತ್ತಾನೆ. ಫ್ಲಿಪ್ ಎಂಬ ತಂಟೆಕೋರ ಬೇರೆ ಅಡ್ಡ ಬರುತ್ತಾನೆ. ‘ಎದ್ದೇಳು’ ಎಂದು ಅವನ ಟೋಪಿಯ ಮೇಲೇ ಬರೆದಿದೆ! ಹೀಗಾಗಿ ರಾಜಕುಮಾರಿಯನ್ನು ಕಾಣಲು ನೀಮೋನಿಗೆ ತಿಂಗಳುಗಳೇ ಹಿಡಿದವು. ಪ್ರತಿ ವಾರವೂ ಕೊನೆಯ ಚೌಕದಲ್ಲಿ ಅದೇ ಹಾಸಿಗೆ, ಅದೇ ಎಚ್ಚರ. ಮುಂದಿನ ವಾರ ಮತ್ತೆ ಹೊರಡುತ್ತಿದ್ದ. ತಂಟೆಕೋರ ಫ್ಲಿಪ್ ಕೂಡ ಬರಬರುತ್ತ ಗೆಳೆಯನಾದ.

ನನಗೆ ಬಹಳ ಹಿಡಿಸಿದ್ದು 1908ರ ಕೆಲವು ವಾರಗಳ ಕಥೆ. ನೀಮೋನ ಕೈಗೆ ಮಂತ್ರದ ಕೋಲು ಸಿಗುತ್ತದೆ. ಸಿಹಿತಿಂಡಿಯ ಬೆಟ್ಟ ಬೇಡಬಹುದಿತ್ತಲ್ಲವೇ? ಅವನು ಹೋಗುವುದು ಮುರುಕಲು ಗುಡಿಸಲುಗಳ ಕೇರಿಗೆ. ಅಲ್ಲಿ ಹರಿದ ಬಟ್ಟೆಯ ಮಕ್ಕಳಿಗೆ ಹೊಸ ಬಟ್ಟೆ ಬರುತ್ತದೆ, ಕೇರಿ ಹೂದೋಟವಾಗುತ್ತದೆ, ಕಾಯಿಲೆಯ ಮೇರಿ ಎಂಬ ಹುಡುಗಿ ಎದ್ದು ನಿಲ್ಲುತ್ತಾಳೆ. ಆಗಿನ ನ್ಯೂಯಾರ್ಕಿನಲ್ಲಿ ಅಂಥ ಬಡ ಕೇರಿಗಳು ನಿಜವಾಗಿಯೇ ಇದ್ದವು. ನೀಮೋನಿಗೆ ಎಚ್ಚರವಾದ ಮೇಲೂ ಅವು ಹಾಗೆಯೇ ಉಳಿದವು. ಮಂತ್ರದ ಕೋಲಿಲ್ಲದ ನಾವೇನು ಮಾಡಬೇಕು ಎಂಬ ಪ್ರಶ್ನೆ ಓದುವವರ ಪಾಲಿಗೆ ಬಂತು.

1911ರಲ್ಲಿ ಮೆಕೇ ಸಾವಿರಾರು ಚಿತ್ರಗಳನ್ನು ಕೈಯಲ್ಲೇ ಬರೆದು, ನೀಮೋನನ್ನು ಚಲನಚಿತ್ರದಲ್ಲಿ ಕುಣಿಸಿದರು. ಇಂದಿನ ಕಾರ್ಟೂನ್ ಚಿತ್ರಗಳಿಗೆ ಅದೊಂದು ಹಿರಿಯಣ್ಣ.

ಅಜ್ಜ-ಅಜ್ಜಿಯರೇ, ನಾಳೆ ಬೆಳಿಗ್ಗೆ ಹಾಲು ಕೊಡುವಾಗ ಮೊಮ್ಮಗುವನ್ನು ಕೇಳಿ: “ರಾತ್ರಿ ಏನು ಕನಸು ಬಿತ್ತು ಪುಟ್ಟಾ?” ಹೆದರಿಕೆಯ ಕನಸಾದರೂ ನಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಒಂದು ಹಾಳೆಯಲ್ಲಿ ಆರು ಚೌಕ ಎಳೆದುಕೊಡಿ. ಐದರಲ್ಲಿ ಕನಸು, ಆರನೆಯದರಲ್ಲಿ ಹಾಸಿಗೆ. ಮಕ್ಕಳೇ, ಹಾಸಿಗೆಯ ಪಕ್ಕದಲ್ಲಿ ಅಜ್ಜಿಯನ್ನೂ ಬರೆಯಿರಿ.