ಎರಡೂವರೆ ಲಕ್ಷ ಸಾವು, ಅರವತ್ತೆರಡು ಸಾವಿರ ಟಿಪ್ಪಣಿ

ಹವಾಮಾನ ಬದಲಾವಣೆಯಿಂದ 2030 ಮತ್ತು 2050ರ ನಡುವೆ ವರ್ಷಕ್ಕೆ ಸುಮಾರು 2.5 ಲಕ್ಷ ಹೆಚ್ಚುವರಿ ಸಾವು ಸಂಭವಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಅಂದಾಜು ಮಾಡಿತು. ಇದನ್ನು ಬಿಡಿಸಿ ನೋಡಬೇಕು: ಮಕ್ಕಳ ಅಪೌಷ್ಟಿಕತೆಯಿಂದ 95,000, ಮಲೇರಿಯಾದಿಂದ 60,000, ಅತಿಸಾರದಿಂದ 48,000, ಬಿಸಿಲ ಬೇಗೆಗೆ ಸಿಕ್ಕ ವಯಸ್ಸಾದವರು 38,000. ಕೂಡಿದರೆ 2,41,000. ಎಲ್ಲಕ್ಕಿಂತ ದೊಡ್ಡ ಪಾಲು ಬಿಸಿಲಿನದ್ದಲ್ಲ, ಹಸಿವಿನದ್ದು. ನದಿಗಳ ಪ್ರವಾಹ, ನೀರಿನ ಅಭಾವ, ವಲಸೆ, ಸಂಘರ್ಷ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಇಂಥ ಅಂದಾಜುಗಳನ್ನು ಒರೆಗೆ ಹಚ್ಚುವುದು ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ. 2022ರ ಫೆಬ್ರವರಿಯಲ್ಲಿ ಬಂದ ಅದರ ಎರಡನೇ ಕಾರ್ಯತಂಡದ ವರದಿಯಲ್ಲಿ ಏಳನೇ ಅಧ್ಯಾಯ ಆರೋಗ್ಯಕ್ಕೆ ಮೀಸಲು. 67 ದೇಶಗಳ 270 ಮಂದಿ 34,000ಕ್ಕೂ ಹೆಚ್ಚು ಸಂಶೋಧನಾ ಬರಹಗಳನ್ನು ಆಧರಿಸಿ ವರದಿ ಸಿದ್ಧಪಡಿಸಿದರು. ಕರಡುಗಳ ಮೇಲೆ ತಜ್ಞರು ಮತ್ತು ಸರ್ಕಾರಗಳಿಂದ ಬಂದ ಟಿಪ್ಪಣಿಗಳು 62,418. ಪ್ರತಿಯೊಂದಕ್ಕೂ ಉತ್ತರ ಬರೆಯಲೇಬೇಕು. ಒಂದಕ್ಕೆ ಕಾಲು ಗಂಟೆ ಎಂದು ಹಿಡಿದರೂ 15,600 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬರೇ ಕೂತರೆ ರಜೆಯಿಲ್ಲದೆ ಐದು ವರ್ಷಕ್ಕೂ ಹೆಚ್ಚು. ಈ ದುಡಿಮೆಗೆ ಐಪಿಸಿಸಿಯಿಂದ ಸಂಬಳವಿಲ್ಲ. ಜಗತ್ತಿನ ಆರೋಗ್ಯ ನೀತಿ ನೆಚ್ಚಿಕೊಂಡಿರುವ ಪರಿಶ್ರಮ ಬಿಟ್ಟಿ ದುಡಿಮೆಯಾಗಿರುವುದು ನನಗೆ ಸರಿ ಕಾಣುವುದಿಲ್ಲ.

ಟಿಪ್ಪಣಿ ಬಂದರಷ್ಟೇ ಸಾಲದು, ಅದನ್ನು ಕಿವಿಗೆ ಹಾಕಿಕೊಳ್ಳಬೇಕು. 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಕರಗಿಹೋಗಬಹುದೆಂಬ ಸಾಲು ಉಳಿದುಬಿಟ್ಟಿತು. ಕರಡು ಓದಿದವರು ಆಗಲೇ ಪ್ರಶ್ನೆ ಎತ್ತಿದ್ದರು, ಲೇಖಕರು ಅದನ್ನು ತಕ್ಕಷ್ಟು ಗಣನೆಗೆ ತೆಗೆದುಕೊಳ್ಳಲಿಲ್ಲ. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪು ಒಪ್ಪಿಕೊಂಡಿತು. ಸುಮಾರು ಮೂರು ಸಾವಿರ ಪುಟಗಳ ನಡುವಿನ ಒಂದೇ ಸಾಲು ಇಡೀ ವಿಜ್ಞಾನದ ಮೇಲೆ ಅನುಮಾನ ಹುಟ್ಟಿಸಲು ಸಾಕಾಯಿತು. ಅದೇ ವರ್ಷ ಸ್ವತಂತ್ರ ಸಮಿತಿಯೊಂದು ಪರಿಶೀಲನೆಯ ಕ್ರಮವನ್ನೇ ಪರಿಶೀಲಿಸಿ, ಅದನ್ನು ಬಿಗಿಗೊಳಿಸಲು ಸೂಚಿಸಿತು.

ಕರಡು ಓದುವ ಅವಕಾಶ ಆಹ್ವಾನಿತರಿಗಷ್ಟೇ ಅಲ್ಲ. ವಿಷಯದಲ್ಲಿ ತಮಗಿರುವ ಪರಿಣತಿಯನ್ನು ತಾವೇ ಘೋಷಿಸಿಕೊಂಡು ಯಾರಾದರೂ ಹೆಸರು ನೋಂದಾಯಿಸಬಹುದು. ವರದಿ ಹೊರಬಂದ ಮೇಲೆ ಟಿಪ್ಪಣಿಗಳೂ ಉತ್ತರಗಳೂ ಎಲ್ಲರಿಗೂ ಸಿಗುತ್ತವೆ. 2023ರಲ್ಲಿ ಐಪಿಸಿಸಿಯ ಏಳನೇ ಮೌಲ್ಯಮಾಪನ ಸುತ್ತಿನ ಕೆಲಸ ಶುರುವಾಗಿದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ರೋಗಿಗಳನ್ನು ನೋಡುವ ವೈದ್ಯರು ಈ ಕರಡುಗಳನ್ನು ಓದಬೇಕು, ತಮಗೆ ಕಂಡ ಕೊರತೆಯನ್ನು ಪುಟ, ಸಾಲು ಹೆಸರಿಸಿ ಬರೆದು ಕಳಿಸಬೇಕು.