ಸರ್ವರ್ ಒಂದೇ, ಕೆಲಸ ನಾಲ್ಕಾರು: ಯಾವ ತಂತ್ರಾಂಶ ಆರಿಸಬೇಕು?

ಮಂಗಳವೇಢೆ: ಪತಸಂಸ್ಥೆ ಇರಲಿ, ಆಸ್ಪತ್ರೆ ಇರಲಿ, ಒಂದೇ ಸರ್ವರ್‌ನಿಂದ ನಾಲ್ಕಾರು ಸರ್ವರ್‌ಗಳ ಕೆಲಸ ತೆಗೆಯಬಹುದು. ಇದಕ್ಕೆ ವರ್ಚುವಲೈಸೇಶನ್ ಅಂತಾರೆ. ಆದರೆ ಆ ಒಂದು ಕೆಟ್ಟರೆ ಎಲ್ಲಾ ನಿಂತಂತೆ.

ಬಹಳ ಕಡೆ ವಿಎಂವೇರ್ ತಂತ್ರಾಂಶವೇ ಇತ್ತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು. ಮರು ತಿಂಗಳೇ ಕಾಯಂ ಪರವಾನಗಿ ಮಾರಾಟ ನಿಲ್ಲಿಸಿ, ಚಂದಾ ಪದ್ಧತಿಯನ್ನಷ್ಟೇ ಉಳಿಸಿತು.

ಆಸ್ಟ್ರಿಯಾದ ಪ್ರಾಕ್ಸ್‌ಮಾಕ್ಸ್ ಮುಕ್ತ ತಂತ್ರಾಂಶ. ಕಂಪನಿಯ ನೆರವು ಬೇಕಾದರೆ ಮಾತ್ರ ಚಂದಾ. 2024ರಲ್ಲಿ ವಿಎಂವೇರ್‌ನಿಂದ ನೇರ ಸ್ಥಳಾಂತರಿಸುವ ಸೌಲಭ್ಯವೂ ಬಂತು. ಆದರೆ ಲಿನಕ್ಸ್ ಬಲ್ಲವರು ಬೇಕು. ವಿಂಡೋಸ್ ರೂಢಿ ಇದ್ದವರಿಗೆ ಮೈಕ್ರೋಸಾಫ್ಟ್‌ನ ಹೈಪರ್-ವಿ ಹತ್ತಿರ.

ಪುಕ್ಕಟೆ ಅಂತ ಮರುಳಾಗಬೇಡಿ. ರಾತ್ರಿ ಕೆಟ್ಟರೆ ನೋಡುವವರು ಊರಲ್ಲೇ ಇದ್ದಾರೋ, ಪುಣೆಯಿಂದ ಬರಬೇಕೋ ಅಂತ ಮೊದಲು ಕೇಳಿ. ಬ್ಯಾಕಪ್‌ನಿಂದ ಒಮ್ಮೆ ಎಲ್ಲಾ ವಾಪಸ್ ತೆಗೆದು ನೋಡಿ. ಆಮೇಲೆ ಹಳೆಯದನ್ನು ಬಿಡಿ.