ಎದೆಗೆ ಬಡಿಯುವ ಬೇಸು, ಅದರ ಹಿಂದಿನ ಲೆಕ್ಕ

ಶಿಗ್ಗಾವಿಯಿಂದ ಸವಣೂರಿಗೆ ಹೊರಟ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಅದರ ಬೇಸು ಬಂದು ಎದೆಗೆ ಬಡಿಯುತ್ತದೆ. ಟ್ರೇಲರಿನ ತುಂಬ ಗೋವಿನಜೋಳದ ಚೀಲ, ಡ್ರೈವರ್ ಸೀಟಿನ ಹಿಂದೆ ಕರಿ ಬಣ್ಣದ ಎರಡು ಪೆಟ್ಟಿಗೆ, ಅವುಗಳ ಬಾಯಿಗೆ ಕಬ್ಬಿಣದ ಜಾಳಿಗೆ. ಜಾನಪದ ಹಾಡಿನ ಮಾತು ಗಾಳಿಯಲ್ಲೇ ಕರಗಿಹೋಗುತ್ತದೆ. ಡೊಳ್ಳಿನ ಪೆಟ್ಟು ಮಾತ್ರ ಹೊಲ ದಾಟಿ ಬರುತ್ತದೆ. ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ ಒಂದೊಂದು ಅಲೆಯ ಉದ್ದ ಎಂಟೂವರೆ ಮೀಟರ್. ಗಿಡ, ಬೇಲಿ ಅದಕ್ಕೆ ಅಡ್ಡಿಯೇ ಅಲ್ಲ.

ಇಂಥ ಪೆಟ್ಟಿಗೆಗೆ ಸಾಮಾನ್ಯವಾಗಿ ಕಂಪನಿಯ ಹೆಸರಿರುವುದಿಲ್ಲ. ಒಳಗಿನ ಸ್ಪೀಕರು ದಿಲ್ಲಿಯದೋ ಬೆಂಗಳೂರಿನ ಎಸ್.ಪಿ. ರೋಡಿನದೋ ಇರಬಹುದು, ಹುಬ್ಬಳ್ಳಿವರೆಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಇಳಿಯುತ್ತದೆ. ಪೆಟ್ಟಿಗೆ ಮಾತ್ರ ಇಲ್ಲಿಯದೇ. ರೇಡಿಯೊ ರಿಪೇರಿ ಅಂಗಡಿಯವನೂ ಬಡಿಗನೂ ಕೂಡಿ ಮಾಡಿದ್ದು, ಕೆಲವೊಮ್ಮೆ ಇಬ್ಬರೂ ಒಬ್ಬನೇ. ಸ್ಪೀಕರು ಎಷ್ಟೇ ಭಾರವಿದ್ದರೂ ಸಣ್ಣ ರಟ್ಟಿನ ಡಬ್ಬಿಯಲ್ಲಿ ಕೂರುತ್ತದೆ. ಪೆಟ್ಟಿಗೆಯ ತುಂಬ ಇರುವುದು ಗಾಳಿ. ಹಗುರ ಸಾಮಾನಿಗೆ ಸಾಗಣೆಯವರು ತೂಕ ಬಿಟ್ಟು ಜಾಗ ನೋಡಿ ಬಾಡಿಗೆ ಹೇಳುತ್ತಾರೆ. ದಿಲ್ಲಿಯಿಂದ ಹಿರೇಕೆರೂರಿಗೆ ಗಾಳಿ ಹೊರಿಸಿ ತಂದರೆ ಯಾರಿಗೆ ಗಿಟ್ಟೀತು? ಕಾರ್ಖಾನೆಯವರು ಅಗ್ಗಕ್ಕೆ ಮಾಡಬಲ್ಲ ಈ ಕೆಲಸ ತಾಲ್ಲೂಕು ಪೇಟೆಯ ಕೈಗೆ ಉಳಿದದ್ದು ಆ ಗಾಳಿಯಿಂದಲೇ.

ಕೆಲಸದ ಜಾಗಕ್ಕೆ ಹೋದರೆ ಮೊದಲು ಮೂಗಿಗೆ ತಟ್ಟುವುದು ಫೆವಿಕಾಲ್, ಆಮೇಲೆ ಸುಟ್ಟ ತಾಮ್ರದ ತಂತಿ. ಗೋಡೆಗೆ ಆನಿಸಿಟ್ಟ 8×4 ಅಡಿಯ 18 ಎಂ.ಎಂ. ಪ್ಲೈವುಡ್. 12 ಇಂಚಿನ ಸ್ಪೀಕರಿಗೆ ಆರೂ ಕಡೆ 16 ಇಂಚಿನ ಪೆಟ್ಟಿಗೆ ಮಾಡಿದರೆ ಒಳಗೆ ಸುಮಾರು 50 ಲೀಟರ್ ಗಾಳಿ ಹಿಡಿಯುತ್ತದೆ. ಒಂದು ಶೀಟಿಗೆ 16 ಇಂಚಿನ ಹದಿನೆಂಟು ಚೌಕ, ಅಂದರೆ ಮೂರು ಪೆಟ್ಟಿಗೆ. ಮೂರು ಆರ್ಡರ್ ಕೂಡಿಬಂದರೆ ಹಲಗೆ ಹೆಚ್ಚು ದಂಡವಾಗುವುದಿಲ್ಲ. ಆದರೆ ಬರುವುದು ಒಂದು. ಉಳಿದ ಎರಡು ಪಾಲು ಹಲಗೆ ಮೂಲೆಯಲ್ಲಿ ನಿಂತು ಮುಂದಿನ ಗಿರಾಕಿಯ ದಾರಿ ಕಾಯುತ್ತದೆ, ಅದಕ್ಕೆ ಕೊಟ್ಟ ದುಡ್ಡೂ ಅಲ್ಲೇ ನಿಂತಿರುತ್ತದೆ. ಮುಂದಿನವನು 15 ಇಂಚಿನ ಸ್ಪೀಕರಿಗೆ ಪೆಟ್ಟಿಗೆ ಕೇಳಿದರೆ 16 ಇಂಚಿಗೆ ಕೊಯ್ದಿಟ್ಟ ತುಂಡುಗಳು ಅವನಿಗೆ ಸಾಲುವುದಿಲ್ಲ. ಮೇಲೆ ತೆರಿಗೆ ಬೇರೆ. ಪ್ಲೈವುಡ್ಡಿಗೂ ಸ್ಪೀಕರಿಗೂ ಶೇ. 18 ಜಿಎಸ್‌ಟಿ. ನೋಂದಣಿ ಇಲ್ಲದ ಸಣ್ಣ ಕಸುಬುದಾರನಿಗೆ ಅದು ಹೊಂದಾಣಿಕೆಯಾಗಿ ವಾಪಸ್ ಬರುವುದಿಲ್ಲ, ಪೆಟ್ಟಿಗೆಯ ಬೆಲೆಯೊಳಗೇ ಕರಗಬೇಕು.

ನನಗೆ ಅತಿ ಇಷ್ಟವಾದದ್ದು ಪೈಪಿನ ಕೆಲಸ. ಬೇಸು ಕೆಳಗಿಳಿಯಬೇಕಾದರೆ ಪೆಟ್ಟಿಗೆಗೆ ಉಸಿರಾಡಲು ಒಂದು ಕೊಳವೆ ಬೇಕು. ಹೊಲಕ್ಕೆ ನೀರು ಹಾಯಿಸುವ 110 ಎಂ.ಎಂ. ಪಿವಿಸಿ ಪೈಪಿನ ತುಂಡೇ ಅದಕ್ಕೆ ಸಾಕು. ಅದೇ 50 ಲೀಟರಿನ ಪೆಟ್ಟಿಗೆಗೆ ಸುಮಾರು 16 ಸೆಂ.ಮೀ. ಪೈಪು ಹಾಕಿದರೆ ಅದು 45 ಹರ್ಟ್ಸಿನ ಹತ್ತಿರ ಗುಂಯ್‌ಗುಡುತ್ತದೆ. 35ಕ್ಕೆ ಇಳಿಸಬೇಕೆಂದರೆ ಪೈಪು 31 ಸೆಂ.ಮೀ. ಆಗಬೇಕು, ಒಳಗೆ ಜಾಗ ಸಾಲದೆ ಎಲ್ಬೋ ಹಾಕಿ ಬಗ್ಗಿಸಬೇಕು. ಈ ಗಣಿತವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಕಟ್ಟಿಕೊಟ್ಟರು. ಈಗ ಫೋನಿನಲ್ಲೇ ಸಿಗುತ್ತದೆ. ಆದರೂ ಅನುಭವವಿದ್ದವನು ಪೈಪನ್ನು ಉದ್ದವಾಗಿಯೇ ಇಟ್ಟು, ಹಾಡು ಹಚ್ಚಿ, ಅಂಗೈಯನ್ನು ಪೈಪಿನ ಬಾಯಿಗೆ ಹಿಡಿದು ಗಾಳಿ ನೋಡಿ, ಒಂದೊಂದು ಬೆರಳಗಲ ಕೊಯ್ಯುತ್ತ ಬರುತ್ತಾನೆ. ಕೊಯ್ದದ್ದನ್ನು ಮತ್ತೆ ಅಂಟಿಸಲಾಗದು. ಆಮೇಲೆ ಊದುಬತ್ತಿ ಹಚ್ಚಿ ಸಂದುಗಳ ಮುಂದೆ ಹಿಡಿದರೆ ಹೊಗೆ ಅಲುಗಿದಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಅಲ್ಲಿಗೆ ಕಟ್ಟಿಗೆ ಪುಡಿ ಕಲಸಿದ ಫೆವಿಕಾಲ್ ಮೆತ್ತಬೇಕು.

ಇದಕ್ಕೆಲ್ಲ ಅರ್ಧ ದಿನ ಹಿಡಿಯುತ್ತದೆ. ಬಿಲ್ಲಿನ ಚೀಟಿಯಲ್ಲಿ ಪ್ಲೈವುಡ್ ಇದೆ, ಸ್ಕ್ರೂ ಇದೆ, ರೆಗ್ಸಿನ್ ಇದೆ, ಮಜೂರಿ ಎಂದು ಒಂದು ಸಾಲಿದೆ. ಕಿವಿಗೆ ಅಂತ ಒಂದು ಸಾಲಿಲ್ಲ. ದೊಡ್ಡ ಕಂಪನಿ ಒಂದು ವಿನ್ಯಾಸಕ್ಕೆ ಮಾಡಿದ ಖರ್ಚನ್ನು ಸಾವಿರಾರು ಪೆಟ್ಟಿಗೆಗೆ ಹಂಚಿಬಿಡುತ್ತದೆ. ಇಲ್ಲಿ ಪ್ರತಿ ಪೆಟ್ಟಿಗೆಯೂ ಹೊಸ ವಿನ್ಯಾಸ, ಹಂಚುವುದಕ್ಕೆ ಎರಡನೆಯದಿಲ್ಲ. ಆ ಅರ್ಧ ದಿನಕ್ಕೆ ಬೆಲೆ ಕಟ್ಟಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳದಿದ್ದರೆ ಈ ಕಸುಬಿನಲ್ಲಿ ಉಳಿಯುವುದು ಬರೀ ಹಲಗೆ ಕೂಲಿ.

ಗಿರಾಕಿಯ ಬೇಡಿಕೆ ಮಾತ್ರ ಒಂದೇ: "ಕಾಕಾ, ಇನ್ನೊಂದೀಟು ಎದಿಗೆ ಹೊಡೀಬೇಕ ನೋಡ್ರಿ." ಆ ಒಂದೀಟು ದುಬಾರಿ. ಸದ್ದು 3 ಡೆಸಿಬೆಲ್ ಏರಬೇಕಾದರೆ ಆಂಪ್ಲಿಫೈಯರಿನ ಪವರ್ ಇಮ್ಮಡಿಯಾಗಬೇಕು. ಟ್ರ್ಯಾಕ್ಟರಿನ 12 ವೋಲ್ಟಿನಲ್ಲಿ ಒಂದು ಸಾವಿರ ವಾಟ್ ಎಂದರೆ 83 ಆಂಪಿಯರ್, ನಷ್ಟ ಸೇರಿದರೆ ಇನ್ನೂ ಹೆಚ್ಚು. ಬ್ಯಾಟರಿ ಎಷ್ಟು ಹೊತ್ತು ತಾಳೀತು! ಡಬ್ಬಿಯ ಮೇಲೆ ದಪ್ಪಗೆ ಅಚ್ಚಾದ ವಾಟುಗಳನ್ನು ನಂಬದೆ, ವೈರಿನ ದಪ್ಪವನ್ನೂ ಫ್ಯೂಸನ್ನೂ ನೋಡಿ ಮಾತಾಡುವವನೇ ಒಳ್ಳೆಯ ಕಸುಬುದಾರ. ಒಂದೇ ಪೆಟ್ಟಿಗೆಗೆ ಜಾಸ್ತಿ ಪವರ್ ತುರುಕುವ ಬದಲು ಎರಡು ಪೆಟ್ಟಿಗೆ ಒತ್ತಟ್ಟಿಗೆ ಇಡು ಅಂತ ಅವನು ಹೇಳುತ್ತಾನೆ. ಅದು ವ್ಯಾಪಾರದ ಮಾತಾಗಿ ಕೇಳಿಸಿದರೂ ನಿಜ.

ಈ ಸೀಮೆಯ ಕಿವಿಗೆ ಸಂಸ್ಕಾರ ಹಳೆಯದು. ಪಂಚಾಕ್ಷರ ಗವಾಯಿಗಳು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು, ಪುಟ್ಟರಾಜ ಗವಾಯಿಗಳೂ ಇದೇ ಸೀಮೆಯವರು. ಗಡುಸು ದನಿಯ ಗಾಯಕಿ ಗಂಗೂಬಾಯಿಯವರ ಹೆಸರಿನಲ್ಲೇ ಹಾನಗಲ್ ಇದೆ. ಹಾಡಿಗಿಂತ ಮೊದಲೇ ಇಲ್ಲಿನ ಹುಡುಗರು ಕೇಳಿದ್ದು ಜಾತ್ರೆಯ ಡೊಳ್ಳು, ಜಗ್ಗಲಿಗೆ. ಚರ್ಮದ ವಾದ್ಯ ಮೈಗೆ ತಾಗಿಸಿದ್ದನ್ನೇ ಅವರು ಸ್ಪೀಕರಿನಿಂದ ಕೇಳುತ್ತಿದ್ದಾರೆ.

ಹೊಸ ಪೆಟ್ಟಿಗೆಯಿಂದ ಹೆಸರು ಬರುತ್ತದೆ, ಒಲೆ ಉರಿಯುವುದು ರಿಪೇರಿಯಿಂದ. ಮದುವೆ ಮೆರವಣಿಗೆ ಮುಗಿದ ಮರುದಿನ ಕಾಯಿಲ್ ಸುಟ್ಟ ಸ್ಪೀಕರುಗಳು ಬರುತ್ತವೆ. ಕೋನನ್ನು ಎರಡು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಸುಟ್ಟದ್ದು ಕರಕರ ಎನ್ನುತ್ತದೆ. ಹಳೆಯ ಕೋನು ಹರಿದು, ಅಯಸ್ಕಾಂತದ ಸಂದಿಯ ಪುಡಿಯನ್ನು ಟೇಪಿನಿಂದ ಎತ್ತಿ, ಹೊಸ ಕಾಯಿಲನ್ನು ಸುತ್ತಲೂ ಫಿಲ್ಮಿನ ಪಟ್ಟಿ ಇಟ್ಟು ನಟ್ಟನಡುವೆ ಕೂರಿಸಬೇಕು. ಗಮ್ ಒಣಗಿದ ಮೇಲೆ ಪಟ್ಟಿ ಎಳೆಯುವುದು. ಸಾಮಾನು ಕಡಿಮೆ, ಕೈಚಳಕ ಹೆಚ್ಚು, ಹಾಗಾಗಿ ಉಳಿತಾಯವೂ ಇದರಲ್ಲೇ.

ಸೀಜನ್ ಗಣೇಶ ಹಬ್ಬದಿಂದ ಶುರು. ದೀಪಾವಳಿಯ ಹೊತ್ತಿಗೆ ಹಾನಗಲ್, ಹಿರೇಕೆರೂರು ಕಡೆ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ, ಬಲೂನು ಕಟ್ಟಿದ ಹೋರಿಗೆ ತಕ್ಕ ಹಾಡು ಬೇಕೇ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದ ಇದೆ. ಜನವಸತಿಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಮುದುಕರು, ಬಾಣಂತಿಯರು, ಕಟ್ಟಿದ ದನ ಇರುವ ಊರಿಗೆ ಆ ನಿಯಮ ಬೇಕು. ಆದರೆ ಹಬ್ಬ ಹತ್ತಿರ ಬಂದಾಗ ಡಿಜೆ ನಿಷೇಧದ ಆದೇಶ ಹೊರಟರೆ ಅಡ್ವಾನ್ಸ್ ಪಡೆದು ಅರ್ಧ ಮಾಡಿಟ್ಟ ಪೆಟ್ಟಿಗೆ ಅಂಗಡಿಯಲ್ಲೇ ಉಳಿಯುತ್ತದೆ. ಆದೇಶ ಎರಡು ತಿಂಗಳು ಮುಂಚೆ ಬಂದರೆ ಕಸುಬುದಾರ ಅದೇ ಹಲಗೆಯಲ್ಲಿ ಮನೆಗೆ, ಕಾರಿಗೆ ಹೊಂದುವ ಸಣ್ಣ ಪೆಟ್ಟಿಗೆ ಮಾಡಿಯಾನು.

ಒಯ್ದವರ ಬಾಕಿಯೂ ಒಮ್ಮೆಲೇ ಬರುವುದಿಲ್ಲ. ಅರ್ಧ ಕೈಗಿಟ್ಟು, "ಉಳಿದಿದ್ದು ಗೋವಿನಜೋಳ ಮಾರಿದ ಮ್ಯಾಲೆ ಕೊಡ್ತೀನ್ರಿ" ಅನ್ನುತ್ತಾರೆ. ಆ ವರ್ಷ ಗೋವಿನಜೋಳಕ್ಕೆ ದರ ಸಿಕ್ಕರೆ ಬಾಕಿ ಚುಕ್ತಾ ಆಗುತ್ತದೆ, ಜೊತೆಗೆ ಇನ್ನೊಂದು ಪೆಟ್ಟಿಗೆಯ ಆರ್ಡರೂ ಬರುತ್ತದೆ.